ಮನಸ್ಸಿನ ಸಂಶೋಧನೆ ಮತ್ತು ಮನೆಬಾಗಿಲಿನ ಕೆಲಸ



ಮನೋವಿಜ್ಞಾನದ ಉಪನ್ಯಾಸವೆಂದರೆ ವಿಶ್ವವಿದ್ಯಾಲಯದ ಸಭಾಂಗಣದಲ್ಲೇ ನಡೆಯಬೇಕೆಂಬುದು ರೂಢಿ. ಅದನ್ನು ಕಲಬುರಗಿಯ ಮೋಮಿನಪುರದಲ್ಲಿ, ನಮ್ಮ ಓಣಿಯಲ್ಲಿ ಇಡಬೇಕೆಂದು ಈ ದತ್ತಿ ಉಪನ್ಯಾಸದ ದಾನಿಗಳು ಹಟ ಹಿಡಿದರು. ಆ ಹಟಕ್ಕೆ ನಾನು ಋಣಿ. ಮನಸ್ಸಿನ ಬಗ್ಗೆ ವಿದ್ವಾಂಸರು ಕಂಡುಕೊಂಡದ್ದು ಸರ್ಕಾರದ ನೀತಿಯನ್ನೂ ವೈದ್ಯರು, ಶಿಕ್ಷಕರು, ಪೊಲೀಸರು, ನ್ಯಾಯಾಧೀಶರ ದಿನನಿತ್ಯದ ಕೆಲಸವನ್ನೂ ಹೇಗೆ ಬದಲಿಸುತ್ತದೆ ಎಂಬುದು ಇಂದಿನ ವಿಷಯ. ಅದನ್ನು ಕೇಳಬೇಕಾದವರು ಆ ನೀತಿಯ ಫಲವನ್ನು ಉಣ್ಣುವವರೇ.

ವಿಷಯ ನಮಗೆ ಹೊಸದೂ ಅಲ್ಲ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು ದೇಶದ ಮೊದಲ ಕೋವಿಡ್ ಸಾವು ಎಂದು ಎರಡು ದಿನಗಳ ನಂತರ ಖಚಿತವಾಯಿತು. ಮುಂದಿನ ವಾರಗಳಲ್ಲಿ ನಗರದ ಎಷ್ಟೋ ಓಣಿಗಳಿಗೆ ಬ್ಯಾರಿಕೇಡ್ ಬಿತ್ತು, ಮೋಮಿನಪುರದ ಓಣಿಗಳಿಗೂ ಬಿತ್ತು. ಆಗ ಜನ ವೈರಾಣುವಿಗೆ ಅಂಜಿದಷ್ಟೇ ಹೆಸರು ಹೊರಬೀಳುವುದಕ್ಕೂ ಅಂಜಿದರು. ಕಳಂಕದ ಭಯ ಹೊಕ್ಕರೆ ಜನ ರೋಗವನ್ನು ಮುಚ್ಚಿಡುತ್ತಾರೆ, ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಕುಷ್ಠ, ಕ್ಷಯ, ಎಚ್‌ಐವಿಗಳ ಮೇಲೆ ದಶಕಗಳಿಂದ ನಡೆದ ಅಧ್ಯಯನಗಳು ಇದನ್ನೇ ಹೇಳಿದ್ದವು. ಆ ತಿಳಿವಳಿಕೆ ಕೇಂದ್ರ ಆರೋಗ್ಯ ಸಚಿವಾಲಯದ ಕಡತಕ್ಕೂ ತಲುಪಿತು. ರೋಗ ಹರಡಿದ್ದಕ್ಕೆ ಯಾವುದೇ ಸಮುದಾಯಕ್ಕಾಗಲಿ ಪ್ರದೇಶಕ್ಕಾಗಲಿ ಹಣೆಪಟ್ಟಿ ಹಚ್ಚಬಾರದು ಎಂದು ಸಚಿವಾಲಯ 2020ರ ಏಪ್ರಿಲ್ 8ರಂದು ಸಲಹಾಪತ್ರ ಹೊರಡಿಸಿತು. ಹೋರಾಟ ರೋಗದ ಜೊತೆಗೆ, ರೋಗಿಯ ಜೊತೆಗಲ್ಲ ಎಂಬ ಮಾತನ್ನು ಪ್ರತಿ ಫೋನ್ ಕರೆಗೂ ಮುಂಚೆ ಕೇಳಿದೆವು. ಸಲಹೆ ಸರಿಯಾಗಿತ್ತು. ಆದರೆ ಬ್ಯಾರಿಕೇಡಿನ ಬಳಿ ನಿಂತ ಪೇದೆಗೆ, ಮನೆಗೆ ಚೀಟಿ ಅಂಟಿಸಲು ಬಂದ ನೌಕರನಿಗೆ ಅದನ್ನು ಮಾಡಿ ತೋರಿಸಿದವರು ಯಾರು?

ಈ ಪ್ರಶ್ನೆಯಲ್ಲೇ ನನ್ನ ಇಡೀ ಮಾತಿದೆ. ಮನೋವಿಜ್ಞಾನದ ಒಂದು ಸತ್ಯ ಕೊನೆಯ ಸಾಲಿನ ನೌಕರರ ದಿನದ ಕೆಲಸವಾಗುವವರೆಗೆ ಅದು ನೀತಿಯಾಯಿತೆಂದು ನಾವು ಒಪ್ಪಿಕೊಳ್ಳಬಾರದು. ಆ ಕೆಲಸ ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಅದನ್ನು ಅನುಭವಿಸುವ ಜನರಿಗೂ ಇರಬೇಕು. ನಮ್ಮ ನಾಡಿನದೇ ಕೆಲವು ಉದಾಹರಣೆಗಳಿಂದ ಇದನ್ನು ನಿಮ್ಮ ಮುಂದೆ ಇಡುತ್ತೇನೆ.

1. ಬಳ್ಳಾರಿಯಿಂದ ದೆಹಲಿಗೆ

ಕಲಬುರಗಿ ವಿಭಾಗಕ್ಕೇ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಒಂದು ಪ್ರಯೋಗ ಇಡೀ ಭಾರತದ ಮಾನಸಿಕ ಆರೋಗ್ಯ ನೀತಿಗೆ ಅಚ್ಚಾಯಿತು. ನಮ್ಮ ಭಾಗವನ್ನು ಹಿಂದುಳಿದದ್ದು ಎಂದು ಕರೆದೇ ರೂಢಿಯಾದವರಿಗೆ ಇದು ನೆನಪಿರಬೇಕು.

ಎಪ್ಪತ್ತರ ದಶಕದಲ್ಲಿ ದೇಶಕ್ಕಿದ್ದ ಮನೋವೈದ್ಯರು ಕೆಲವೇ ನೂರು ಮಂದಿ, ಅವರಲ್ಲೂ ಬಹುಪಾಲು ದೊಡ್ಡ ಊರುಗಳಲ್ಲೇ ಇದ್ದರು. ಬೆಂಗಳೂರಿನ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಘಟಕ ತೆರೆಯಿತು. ಮರುವರ್ಷ ನಗರದ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರಿಗೂ ಕೆಲವು ದಿನಗಳ ತರಬೇತಿ ಕೊಟ್ಟರೆ ಮೂರ್ಛೆರೋಗವನ್ನೂ ತೀವ್ರ ಮಾನಸಿಕ ಕಾಯಿಲೆಗಳನ್ನೂ ಗುರುತಿಸಿ ನೋಡಿಕೊಳ್ಳಬಲ್ಲರೇ ಎಂಬುದು ಅಲ್ಲಿ ಪರೀಕ್ಷೆಗಿಟ್ಟ ಪ್ರಶ್ನೆ. ಅದೇ ಹೊತ್ತಿನಲ್ಲಿ ಚಂಡೀಗಢದ ವೈದ್ಯರು ಹರಿಯಾಣದ ರಾಯಪುರ ರಾಣಿಯಲ್ಲಿ ಇಂಥದ್ದೇ ಕೆಲಸ ನಡೆಸಿದ್ದರು. ಎರಡೂ ಕಡೆಯಿಂದ ಬಂದ ಉತ್ತರ ಒಂದೇ: ಮಾಡಬಲ್ಲರು. ಆ ಅನುಭವದ ಬಲದ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಆದರೆ ಒಂದು ಆರೋಗ್ಯ ಕೇಂದ್ರದ ಸುತ್ತ, ಸಂಶೋಧಕರ ಕಣ್ಣೆದುರಿಗೆ ನಡೆದದ್ದು ಇಡೀ ಜಿಲ್ಲೆಯಲ್ಲಿ ನಡೆದೀತೇ? ಅದನ್ನು ನೋಡಲು 1985ರಲ್ಲಿ ಬಳ್ಳಾರಿಯನ್ನು ಆರಿಸಿಕೊಂಡರು. ಬೆಂಗಳೂರಿನಿಂದ 300 ಕಿಲೋಮೀಟರಿಗೂ ದೂರ, ಸುಮಾರು 15 ಲಕ್ಷ ಜನ. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಅವರಂಥವರು ಈ ಕೆಲಸದ ಹಿಂದಿದ್ದರು. ಚಂದ್ರಶೇಖರ್ ಅವರನ್ನು ಕನ್ನಡ ಓದುಗರಿಗೆ ಪರಿಚಯಿಸಬೇಕಿಲ್ಲ. ಮನಸ್ಸಿನ ಕಾಯಿಲೆಗಳ ಬಗ್ಗೆ ಅಂಜಿಕೆಯಿಲ್ಲದೆ ಓದಬಹುದಾದ ಪುಸ್ತಕಗಳನ್ನು ಸಾಲುಸಾಲಾಗಿ ಬರೆದವರು ಅವರು. 2024ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು.

ಬಳ್ಳಾರಿಯಲ್ಲಿ ಮಾಡಿದ್ದು ಏನು? ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯ, ಚಿಕಿತ್ಸಾ ಮನೋವಿಜ್ಞಾನಿ, ಸಮಾಜ ಕಾರ್ಯಕರ್ತರ ಒಂದು ಸಣ್ಣ ತಂಡ ಕೂತಿತು. ತಾಲೂಕಿನ, ಹೋಬಳಿಯ ವೈದ್ಯರಿಗೆ ಅವರ ಜಿಲ್ಲೆಯಲ್ಲೇ ತರಬೇತಿಯಾಯಿತು. ಬೆರಳೆಣಿಕೆಯ ಅಗತ್ಯ ಔಷಧಗಳು ಪ್ರತಿ ಆರೋಗ್ಯ ಕೇಂದ್ರದಲ್ಲೂ ಸಿಗುವಂತೆ ನೋಡಿಕೊಂಡರು. ಯಾವ ರೋಗಿ ಬಂದ, ಯಾವ ರೋಗಿ ಬರುವುದನ್ನು ಬಿಟ್ಟ ಎಂದು ಬರೆದಿಡುವ ಸರಳ ದಾಖಲೆ ಇತ್ತು. ತಿಂಗಳಿಗೊಮ್ಮೆ ವರದಿ ಹೋಗುತ್ತಿತ್ತು. ಬರುವುದನ್ನು ಬಿಟ್ಟವರ ಮನೆಗೆ ಆರೋಗ್ಯ ಸಹಾಯಕಿ ಹೋಗಿ ವಿಚಾರಿಸುತ್ತಿದ್ದಳು. ಲಸಿಕೆ, ಮಲೇರಿಯಾ, ಹೆರಿಗೆಗಳ ಜೊತೆಗೆ ಮನಸ್ಸಿನ ಕಾಯಿಲೆಯೂ ಜಿಲ್ಲಾ ಆಡಳಿತ ಲೆಕ್ಕ ಕೇಳುವ ವಿಷಯವಾಯಿತು.

ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಜೀವಾಳ ಆ ದಾಖಲೆ ಮತ್ತು ಆ ತಿಂಗಳ ಲೆಕ್ಕ. ಸಂಶೋಧನೆಯ ಫಲಿತಾಂಶ ಪತ್ರಿಕೆಯೊಂದರಲ್ಲಿ ಅಚ್ಚಾಗಿ ನಿಲ್ಲಲಿಲ್ಲ, ಇಂಥ ದಿನ ಇಂಥವರು ಇಂಥ ಮನೆಗೆ ಹೋಗಬೇಕು ಎಂಬ ನೌಕರಿಯಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯ ಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ತೊಡಗಿಸಿತು. 2002ರ ಹೊತ್ತಿಗೆ ಅದು 27 ಜಿಲ್ಲೆಗಳಿಗೆ ಹೋಯಿತು, ಇಂದು ಬಹುತೇಕ ಇಡೀ ದೇಶದಲ್ಲಿದೆ. ಕರ್ನಾಟಕ 2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿತು.

ಹಿಗ್ಗುವಾಗ ಕಳೆದುಕೊಂಡದ್ದನ್ನೂ ಹೇಳಬೇಕು. ಉತ್ತರ ಪ್ರದೇಶದಲ್ಲಿ ಈ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಿದ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ ಒಂದು ಕಟುಸತ್ಯ ಬರೆದರು: ಸಮುದಾಯದ ಮಾತು ಕೇಳಬೇಕೆಂದು ಹೊರಟ ನೀತಿ ಕೆಳಗಿಳಿಯುತ್ತ ಇಳಿಯುತ್ತ ಬರೀ ಮಾತ್ರೆ ಹಂಚುವ ಕೆಲಸವಾಗಿ ಉಳಿಯಿತು. ಮಾತ್ರೆಯನ್ನು ಎಣಿಸಬಹುದು, ಆಲಿಸಿದ್ದನ್ನು ಎಣಿಸುವುದು ಕಷ್ಟ. ಎಣಿಸಲು ಬಂದದ್ದಷ್ಟೇ ಸರ್ಕಾರಿ ಲೆಕ್ಕದಲ್ಲಿ ಉಳಿಯುತ್ತದೆ. ಮನೋವಿಜ್ಞಾನಿಯ ಹುದ್ದೆ ಖಾಲಿ ಬಿದ್ದ ಜಿಲ್ಲೆಯಲ್ಲಿ ಆ ಖಾಲಿತನ ಯಾವ ಅಂಕಿಯಲ್ಲೂ ಕಾಣುವುದಿಲ್ಲ.

2. ಆಶಾ ಕಾರ್ಯಕರ್ತೆಯ ಕೈಯಲ್ಲಿ ಎರಡು ಪ್ರಶ್ನೆ

ಸಂಶೋಧನೆ ಕೆಲಸವಾಗುವಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸುತ್ತೇನೆ. ಮೂವತ್ತು ದಾಟಿದವರ ಆರೋಗ್ಯ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಒಂದು ಫಾರಂ ತುಂಬುತ್ತಾರೆ. ಬಿಪಿ, ಸಕ್ಕರೆ ಕಾಯಿಲೆ, ತಂಬಾಕು ಎಲ್ಲ ಆದ ಮೇಲೆ ಕೊನೆಗೆ ಮನಸ್ಸಿನ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಸಂತೋಷ ಇಲ್ಲದಂತಾಗಿತ್ತೇ? ಬೇಸರ, ಹತಾಶೆ ಕಾಡಿತ್ತೇ? ಎಷ್ಟು ದಿನ ಎಂಬುದಕ್ಕೆ ಅಂಕ. ಅಂಕ ಮಿತಿ ದಾಟಿದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಈ ಎರಡು ಪ್ರಶ್ನೆಗಳ ಹಿಂದೆ ಅಮೆರಿಕದ ಕ್ಲಿನಿಕ್‌ಗಳಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಪರೀಕ್ಷೆ ಇದೆ, 2003ರಲ್ಲಿ ಅದು ಪ್ರಕಟವಾಯಿತು. ಇಷ್ಟು ದೊಡ್ಡ ಅಧ್ಯಯನ ಇಷ್ಟು ಸಣ್ಣದಾಗಿ ನಮ್ಮ ಓಣಿಯ ಹೆಣ್ಣುಮಗಳ ಚೀಲಕ್ಕೆ ಬಂದು ಸೇರಿರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ಈಗ ಕಮಲಾಪುರ ತಾಲೂಕಿನ ಒಂದು ಹಳ್ಳಿಯ ಮನೆಯ ಕಟ್ಟೆಯನ್ನು ನೋಡಿ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಕೂತಿದ್ದಾಳೆ. ಎದುರಿಗೆ ಸೊಸೆ, ಪಕ್ಕದಲ್ಲಿ ಅತ್ತೆ, ಹೊಸ್ತಿಲಲ್ಲಿ ಗಂಡ. “ಬ್ಯಾಸರ ಆಗತದೇನವ್ವಾ?” ಎಂದು ಕೇಳಿದರೆ ಸೊಸೆ ಅತ್ತೆಯ ಮುಖ ನೋಡಿ “ಇಲ್ರಿ, ಆರಾಮ ಇದೀನ್ರಿ” ಅನ್ನುತ್ತಾಳೆ. ಫಾರಂನಲ್ಲಿ ಸೊನ್ನೆ ಬೀಳುತ್ತದೆ. ಅನುಭವವಿರುವ ಕಾರ್ಯಕರ್ತೆ ಅಷ್ಟಕ್ಕೆ ಏಳುವುದಿಲ್ಲ. ನೀರು ಕೇಳುವ ನೆಪದಲ್ಲಿ ಒಳಗೆ ಹೋಗುತ್ತಾಳೆ. ಒಲೆಯ ಹತ್ತಿರ ಕೂತು, “ರಾತ್ರಿ ನಿದ್ದಿ ಹತ್ತತದೇನ? ಊಟ ಸೇರತದೇನ?” ಎಂದು ಮೊದಲು ದೇಹವನ್ನು ಕೇಳುತ್ತಾಳೆ. ಆಗ ಉತ್ತರ ಬೇರೆ ಬರುತ್ತದೆ. “ಎದಿ ಧಡಧಡ ಅಂತದ ಅಕ್ಕಾ. ಕೂಸಿನ ಮಾರಿ ನೋಡಿದ್ರೂ ಏನೂ ಅನಸವಲ್ದು.”

ಎರಡೂ ಉತ್ತರ ಒಬ್ಬಳದೇ. ಹಾಗಾದರೆ ನಮ್ಮ ಜಿಲ್ಲೆಯ ಅಂಕಿಗಳಲ್ಲಿ ಯಾವುದು ಸೇರುತ್ತಿದೆ? ಎಲ್ಲಿ ಕೇಳಬೇಕು, ಯಾರಿಲ್ಲದಾಗ ಕೇಳಬೇಕು, ಯಾವುದರಿಂದ ಆರಂಭಿಸಬೇಕು ಎಂಬುದೂ ಸಂಶೋಧನೆಯ ವಿಷಯವೇ. ಅದನ್ನು ಈ ಕಾರ್ಯಕರ್ತೆ ತನ್ನಷ್ಟಕ್ಕೆ ಕಂಡುಕೊಂಡಿದ್ದಾಳೆ, ನಾವು ಅದನ್ನು ಅವಳಿಂದ ಕಲಿತು ಬರೆದುಕೊಂಡಿಲ್ಲ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಸುಮಾರು 15 ಕೋಟಿ ಜನರಿಗೆ ಮಾನಸಿಕ ಆರೋಗ್ಯ ಸೇವೆ ಬೇಕಿದೆ ಎಂದಿತು, ಅದರಲ್ಲಿ ಬಹುಪಾಲು ಜನರಿಗೆ ಸೇವೆ ತಲುಪಿಲ್ಲ ಎಂದೂ ಹೇಳಿತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಕೋಲಾರದಲ್ಲಿ ಪೂರ್ವಭಾವಿ ಪರೀಕ್ಷೆಯಷ್ಟೇ ಆಗಿತ್ತು. ನಮ್ಮ ಭಾಗದ ಮನಸ್ಸಿನ ಲೆಕ್ಕ ಬೇಕಾದರೆ ನಾವೇ ಅದನ್ನು ಸರಿಯಾಗಿ ಕೇಳಿ ಬರೆಯಬೇಕು.

3. ದರ್ಗಾ, ದೇವಸ್ಥಾನ, ದವಾಖಾನೆ

ನಮ್ಮಲ್ಲಿ ಮನಸ್ಸು ಕೆಟ್ಟರೆ ಜನ ಮೊದಲು ಎಲ್ಲಿಗೆ ಹೋಗುತ್ತಾರೆಂದು ಈ ಸಭೆಗೆ ಗೊತ್ತು. ಗಾಣಗಾಪುರದಲ್ಲಿ ಮಹಾಮಂಗಳಾರತಿಯ ಹೊತ್ತಿಗೆ ಕಂಬ ಹತ್ತುವವರನ್ನು ಕಂಡಿದ್ದೇವೆ. ಮೈಮೇಲೆ ಬಂದವರನ್ನು ದರ್ಗಾಗಳಿಗೆ ಕರೆತರುವ ಕುಟುಂಬಗಳನ್ನೂ ಕಂಡಿದ್ದೇವೆ. ಇದು ಓದಿಲ್ಲದವರ ಮೂಢತನ ಎಂದು ತಳ್ಳಿಹಾಕುವ ವೃತ್ತಿಪರರೂ ಇದ್ದಾರೆ. ಸಂಶೋಧನೆ ಅವರ ಕಡೆಗಿಲ್ಲ. ಉಡುಪಿ ಸೀಮೆಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ಜನ ವೈದ್ಯರಲ್ಲಿಗೂ ಮಂತ್ರವಾದಿ, ಪಾತ್ರಿಗಳಲ್ಲಿಗೂ ಹೋಗುತ್ತಿದ್ದುದು ಕಂಡುಬಂತು.

ಹಾಗೆಂದು ಇಲ್ಲಿ ಅಪಾಯವೇ ಇಲ್ಲವೆಂದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡಲಾರದೆ ಸತ್ತರು, ಒಟ್ಟು 28 ಜನ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆ ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು 95ನೇ ಪ್ರಕರಣದಲ್ಲಿ ನಿಷೇಧಿಸಿತು. ಈ ನಿಷೇಧದಲ್ಲಿ ಒಂದಕ್ಷರವನ್ನೂ ಸಡಿಲಿಸಬಾರದು.

ಆದರೆ ಆ ದುರಂತದ ಮರುವರ್ಷವೇ ಇನ್ನೊಂದು ಅಧ್ಯಯನ ಬಂತು. ನಿಮ್ಹಾನ್ಸ್‌ನ ಆರ್. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಮನೆಯವರ ಜೊತೆಗೆ ಬಂದು ತಂಗಿದ್ದ 31 ರೋಗಿಗಳನ್ನು ನೋಡಿದರು. ಅಲ್ಲಿ ಔಷಧ ಕೊಡುತ್ತಿರಲಿಲ್ಲ, ಸರಪಳಿ ಇರಲಿಲ್ಲ, ಬೈಯುವವರಿರಲಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ಗುಡಿಯ ಸಣ್ಣಪುಟ್ಟ ಕೆಲಸ. ಕೆಲವು ವಾರಗಳಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿಯಿತು. 31 ಜನರ ಸಣ್ಣ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು. ಆದರೂ ಅದು ನೀತಿ ಮಾಡುವವರಿಗೆ ಸ್ಪಷ್ಟವಾಗಿ ಹೇಳಿತು: ಏರ್ವಾಡಿಯಲ್ಲಿ ಕೊಂದದ್ದು ಸರಪಳಿ, ಭಕ್ತಿಯಲ್ಲ. ಎರಡನ್ನೂ ಒಂದೇ ಕೋಲಿನಿಂದ ಹೊಡೆಯಬೇಡಿ.

ಇದನ್ನು ಕೆಲಸವಾಗಿಸಿದವರೂ ಇದ್ದಾರೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ನಡೆಯುತ್ತಿದೆ. ಮುಜಾವರರಿಗೆ ಕಾಯಿಲೆಯ ಲಕ್ಷಣ ಗುರುತಿಸುವ ತರಬೇತಿ ಸಿಕ್ಕಿದೆ. ದುವಾ ಆದ ಮೇಲೆ ಅವರೇ ರೋಗಿಯನ್ನು ದರ್ಗಾದ ಆವರಣದಲ್ಲಿರುವ ವೈದ್ಯರ ಹತ್ತಿರ ಕಳಿಸುತ್ತಾರೆ. ಕುಟುಂಬಕ್ಕೆ ನಂಬಿಕೆ ಬಿಡಬೇಕಾದ ಸಂಕಟವಿಲ್ಲ, ರೋಗಿಗೆ ಔಷಧ ತಪ್ಪುವುದಿಲ್ಲ. ಖ್ವಾಜಾ ಬಂದೇ ನವಾಜರ ಊರಿನಲ್ಲಿ, ಶರಣಬಸವೇಶ್ವರರ ಊರಿನಲ್ಲಿ ಇದು ನಡೆಯಬಾರದೇಕೆ?

4. ಸುಳ್ಳು ವಿಜ್ಞಾನಕ್ಕೆ ತಡೆ

ಮನೋವಿಜ್ಞಾನದ ಹೆಸರು ಹೊತ್ತದ್ದೆಲ್ಲ ಒಳ್ಳೆಯದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ಆರೋಪಿ ಅರೆನಿದ್ದೆಯಲ್ಲಿ ಮಾತಾಡುವ ದೃಶ್ಯವನ್ನು ಟಿ.ವಿ.ಯಲ್ಲಿ ಮನೆಮಂದಿಯೆಲ್ಲ ನೋಡಿದೆವು. ಆದರೆ ಮಂಪರಿನಲ್ಲಿರುವವರು ನಿಜದ ಜೊತೆಗೆ ಕಲ್ಪನೆಯನ್ನೂ ಬೆರೆಸುತ್ತಾರೆ, ಪ್ರಶ್ನೆ ಕೇಳುವವರು ಸೂಚಿಸಿದ್ದನ್ನೇ ಹೇಳಿಬಿಡುವ ಸಂಭವ ಹೆಚ್ಚು. ನೆನಪಿನ ಬಗ್ಗೆ ಅಲ್ಪಸ್ವಲ್ಪ ಓದಿದವರಿಗೂ ಇದು ಗೊತ್ತು. ಮಿದುಳಿನ ವಿದ್ಯುತ್ ಅಲೆ ಅಳೆದು ಅಪರಾಧದ ಅನುಭವವಿದೆಯೋ ಇಲ್ಲವೋ ಹೇಳುತ್ತೇವೆಂಬ ಇನ್ನೊಂದು ತಂತ್ರವೂ ಬಂತು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಅದನ್ನೂ ಆಧಾರವಾಗಿಟ್ಟು ಶಿಕ್ಷೆ ವಿಧಿಸಿತು.

ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಆ ತಂತ್ರ ವೈಜ್ಞಾನಿಕವಾಗಿ ನಿಲ್ಲುವುದಿಲ್ಲ ಎಂದು ಹೇಳಿತು. 2010ರ ಮೇ 5ರಂದು, ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು: ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ. ಮನಸ್ಸಿನೊಳಗೆ ಬಲವಂತವಾಗಿ ನುಗ್ಗುವುದು ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕಿಗೆ ವಿರುದ್ಧ. ಸಂಶೋಧನೆ ನೀತಿಯನ್ನು ಕಟ್ಟುವಷ್ಟೇ ಮುಖ್ಯ ಕೆಲಸ ಕೆಟ್ಟ ರೂಢಿಯನ್ನು ತಡೆಯುವುದು. ನಮ್ಮ ವಿದ್ಯಾರ್ಥಿಗಳು ‘ಇದಕ್ಕೆ ಆಧಾರ ಏನು?’ ಎಂದು ಪೊಲೀಸ್ ಠಾಣೆಯಲ್ಲೂ ಕೇಳುವಷ್ಟು ಗಟ್ಟಿಯಾಗಬೇಕು.

5. ತೊಗರಿಯ ನಾಡಿನ ಪಾಠ

1997–98ರಲ್ಲಿ ಬೀದರ, ಕಲಬುರಗಿಗಳಲ್ಲಿ ತೊಗರಿ ನೆಲಕಚ್ಚಿದಾಗ ರೈತರ ಆತ್ಮಹತ್ಯೆಗಳು ಸುದ್ದಿಯಾದವು. ಸಮಾಜವಿಜ್ಞಾನಿ ಎ.ಆರ್. ವಾಸವಿ 1999ರಲ್ಲೇ ಬೀದರದ ಬಿಕ್ಕಟ್ಟಿನ ಬಗ್ಗೆ ಬರೆದು, ಮಾರುಕಟ್ಟೆಯ ಮತ್ತು ಸರ್ಕಾರದ ಹೊಣೆಯನ್ನು ಮುಂದಿಟ್ಟರು. 2002ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ ಡಾ. ಜಿ.ಕೆ. ವೀರೇಶ್ ಸಮಿತಿ ಕುಡಿತ, ಕೌಟುಂಬಿಕ ಕಲಹಗಳಂಥ ಕಾರಣಗಳಿಗೆ ಹೆಚ್ಚು ಒತ್ತು ಕೊಟ್ಟಿತೆಂಬ ಟೀಕೆಗೆ ಗುರಿಯಾಯಿತು. ಮನೋವಿಜ್ಞಾನದವರು ಇಲ್ಲಿ ಎಚ್ಚರವಾಗಿರಬೇಕು. ಸಾಲದ, ಬೆಲೆಯ, ಮಳೆಯ ಸಂಕಟವನ್ನು ರೈತನ ತಲೆಯೊಳಗಿನ ದೋಷವೆಂದು ಬರೆದುಕೊಟ್ಟರೆ ಸರ್ಕಾರಕ್ಕೆ ಅದು ಅನುಕೂಲ, ಸತ್ಯಕ್ಕೆ ಅದು ದ್ರೋಹ.

ಅಂದಮಾತ್ರಕ್ಕೆ ನಮ್ಮ ಶಾಸ್ತ್ರಕ್ಕೆ ಇಲ್ಲಿ ಕೆಲಸವಿಲ್ಲವೆಂದಲ್ಲ. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವ ಗಳಿಗೆ ಬಹಳ ಸಲ ತೀರ ಚಿಕ್ಕದು, ಅದನ್ನು ದಾಟಿದ ಬಹುಪಾಲು ಜನ ಬದುಕುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ಆ ತಿಳಿವಿನ ಮೇಲೆ ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು 1990ರ ದಶಕದಿಂದ ಒಂದೊಂದಾಗಿ ನಿಷೇಧಿಸಿತು. ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ತಗ್ಗಿತು. ಮನೆಗೊಂದು ಬೀಗದ ಪೆಟ್ಟಿಗೆ ಕೊಟ್ಟರೆ ಸಾಕೇ ಎಂದು ಅದೇ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷಿಸಿದರು. ಪೆಟ್ಟಿಗೆಯಿಂದ ಪ್ರಯೋಜನ ಕಾಣಲಿಲ್ಲವೆಂದು 2017ರಲ್ಲಿ ಫಲಿತಾಂಶ ಬಂತು. ಪೆಟ್ಟಿಗೆ ಹಂಚುವುದು ಸುಲಭ, ಫೋಟೊ ತೆಗೆಸಿಕೊಳ್ಳಲು ಚೆಂದ. ನಿಷೇಧ ಕಷ್ಟ. ಜೀವ ಉಳಿಸಿದ್ದು ಕಷ್ಟದ ದಾರಿಯೇ. ಪ್ರತಿ ಮನೆಯಲ್ಲೂ ತೊಗರಿಗೆ ಹೊಡೆಯುವ ಔಷಧ ಇರುವ ನಮ್ಮ ಜಿಲ್ಲೆಯಲ್ಲಿ ಕೃಷಿ ಇಲಾಖೆಯೂ ಆರೋಗ್ಯ ಇಲಾಖೆಯೂ ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ಓದಬೇಕು.

2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆಯ 115ನೇ ಪ್ರಕರಣದಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರ ಆರೈಕೆ ಸರ್ಕಾರದ ಕರ್ತವ್ಯ. ಯಾರಿಗಾದರೂ ಮನಸ್ಸು ಕೈಮೀರಿತೆನಿಸಿದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಕನ್ನಡದಲ್ಲೂ ಮಾತಾಡುತ್ತದೆ, ಹಣ ಕೇಳುವುದಿಲ್ಲ.

6. ಕಲಬುರಗಿಗೆ ನನ್ನ ಬೇಡಿಕೆ

ಇಲ್ಲಿ 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜುಗಳಿವೆ, ಸಂವಿಧಾನದ 371(ಜೆ) ವಿಧಿ ಕೊಟ್ಟ ವಿಶೇಷ ಸ್ಥಾನವಿದೆ. ಕೊರತೆಯಿರುವುದು ಇವುಗಳ ನಡುವೆ ನಡೆದಾಡುವವರದು.

ನಮ್ಮ ಓಣಿಗಳಲ್ಲಿ, ಹಳ್ಳಿಗಳಲ್ಲಿ ಪ್ರಶ್ನಾವಳಿ ತುಂಬಿಸಿಕೊಂಡು ಹೋದ ಪ್ರತಿ ಸಂಶೋಧಕರೂ ತಮಗೆ ಕಂಡದ್ದನ್ನು ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಪುಟ ಬರೆದು ಅದೇ ಜನರಿಗೆ, ಅದೇ ಆರೋಗ್ಯ ಕೇಂದ್ರಕ್ಕೆ ತಂದುಕೊಡಬೇಕು. ಪದವಿ ಕೊಡುವ ಮುಂಚೆ ವಿಶ್ವವಿದ್ಯಾಲಯ ಆ ಪುಟವನ್ನು ಕೇಳಬೇಕು. ಆಶಾ ಕಾರ್ಯಕರ್ತೆಯರನ್ನು ತರಬೇತಿಗೆ ಕರೆದಾಗ ಅರ್ಧ ದಿನ ಅವರು ಮಾತಾಡಲಿ, ತಜ್ಞರು ಬರೆದುಕೊಳ್ಳಲಿ. ಅವರ ಗೌರವಧನವನ್ನು ತಡಮಾಡದೆ ಕೊಟ್ಟರೆ ಮಾತ್ರ ಈ ಬೇಡಿಕೆಗೆ ಮರ್ಯಾದೆ ಇರುತ್ತದೆ. ಬಳ್ಳಾರಿಯಲ್ಲಿ ನಡೆದಂತೆ ಮಾನಸಿಕ ಆರೋಗ್ಯದ ಲೆಕ್ಕವನ್ನು ಜಿಲ್ಲಾಧಿಕಾರಿ ತಿಂಗಳಿಗೊಮ್ಮೆ ಕೇಳಲಿ, ಮಾತ್ರೆಗಳ ಜೊತೆಗೆ ಖಾಲಿ ಹುದ್ದೆಗಳನ್ನೂ ಎಣಿಸಲಿ. ದರ್ಗಾದ ಮತ್ತು ಗಾಣಗಾಪುರದ ಹಿರಿಯರು ಒಪ್ಪಿದರೆ ವಾರದಲ್ಲಿ ಒಂದು ದಿನ ವೈದ್ಯರ ಕುರ್ಚಿ ಅಲ್ಲೇ ಇರಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ನಾನು ಹೇಳಿದ್ದರಲ್ಲಿ ಕೆಲವನ್ನು ಎಲ್ಲೋ ಯಾರೋ ಈಗಾಗಲೇ ಮಾಡಿ ತೋರಿಸಿದ್ದಾರೆ. ಸಂಶೋಧಕರು ಜನರ ಮುಂದೆ ಉತ್ತರ ಕೊಡಬೇಕು, ಅಧಿಕಾರಿಗಳು ಸಂಶೋಧನೆಗೆ ಉತ್ತರ ಕೊಡಬೇಕು, ಮತ್ತು ಇವರಿಬ್ಬರನ್ನೂ ಕೇಳುವ ಧೈರ್ಯ ಈ ಓಣಿಯಂಥ ಓಣಿಗಳಿಗೆ ಬರಬೇಕು. ನಾಳೆ ಯಾರಾದರೂ ಫಾರಂ ಹಿಡಿದು ನಿಮ್ಮ ಮನೆಗೆ ಬಂದರೆ ಉತ್ತರ ಕೊಡಿ, ಜೊತೆಗೆ ‘ಇದರಿಂದ ಏನು ಮಾಡುತ್ತೀರಿ, ಯಾವಾಗ ಬಂದು ಹೇಳುತ್ತೀರಿ?’ ಎಂದು ಕೇಳಿ. ಆ ಪ್ರಶ್ನೆ ಕೇಳುವುದು ನಿಮ್ಮ ಹಕ್ಕು, ಉತ್ತರಿಸುವುದು ನಮ್ಮ ಕರ್ತವ್ಯ.